ದೋನ್ಯಾ ವರ್ನಾ ಚಿಕಾಗೋಗೆ ಹೋಗಿ ಬಂದದ್ದು

ಮೇ ತಿಂಗಳು ಬಂತೆಂದರೆ ನಮ್ಮೂರ ಬೇಸ್‌ಬಾಲ್ ತಂಡಕ್ಕೆ ಎಲ್ಲೆಲ್ಲಿಂದಲೋ ಹುಡುಗರು ಬಂದಿಳಿಯುತ್ತಿದ್ದರು. ಮಿಸಿಸಿಪ್ಪಿ ನದಿಯ ದಂಡೆಯ ಸಣ್ಣ ಊರು, ಸಣ್ಣ ತಂಡ. ಇಲ್ಲಿ ಚೆನ್ನಾಗಿ ಆಡಿದವರನ್ನು ಇನ್ನೂ ದೊಡ್ಡ ಊರಿನ ತಂಡಕ್ಕೆ, ಅಲ್ಲಿಂದ ಅದಕ್ಕೂ ದೊಡ್ಡದಕ್ಕೆ ಕಳಿಸುತ್ತಿದ್ದರು. ಹತ್ತೊಂಬತ್ತು ಇಪ್ಪತ್ತರ ಪ್ರಾಯದ ಆ ಹುಡುಗರ ಸಂಬಳದಲ್ಲಿ ಕೋಣೆ ಹಿಡಿದರೆ ಊಟಕ್ಕಿಲ್ಲ, ಊಟ ಮಾಡಿದರೆ ಕೋಣೆಗಿಲ್ಲ. ಹಾಗಾಗಿ ಊರಿನ ಮನೆಗಳವರೇ ಒಬ್ಬಿಬ್ಬರನ್ನು ಬೇಸಿಗೆ ಮುಗಿಯುವ ತನಕ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ವರ್ನಾ ಹಾಫರ್‌ಳ ಮನೆಯ ಮಹಡಿಯಲ್ಲಿ ಯಾವಾಗಲೂ ಇಬ್ಬರಿರುತ್ತಿದ್ದರು.

ವರ್ನಾ ನನ್ನ ಗೆಳತಿ. ಶಾಲೆಯ ಅಡಿಗೆಮನೆಯಲ್ಲಿ ನಾವಿಬ್ಬರೂ ಜೊತೆಯಲ್ಲಿ ದುಡಿದವರು. ಅವಳು ಒಲೆಯ ಹತ್ತಿರ, ನಾನು ಬಡಿಸುವ ಕಡೆ. ದೊಡ್ಡ ಆಳ್ತನದ ಹೆಂಗಸು. ಬಾಯಿ ಜೋರು. ಬಟ್ಟಲಲ್ಲಿ ಅವರೆಕಾಳು ಬಿಟ್ಟು ಏಳುವ ಮಕ್ಕಳನ್ನು ಹೆಸರು ಹಿಡಿದು ಕೂಗಿ ಮತ್ತೆ ಕೂರಿಸುತ್ತಿದ್ದಳು. ಆ ಮಕ್ಕಳೇ ದೊಡ್ಡವರಾಗಿ, ತಮ್ಮ ಮದುವೆಗೆ ಅವಳನ್ನೇ ಮೊದಲು ಕರೆದು ಆಮೇಲೆ ಉಳಿದವರನ್ನು ಕರೆಯುತ್ತಿದ್ದರು.

ಅವಳ ಗಂಡ ಮರ್ಲ್ ನದಿಯ ಮೇಲೆ ಸರಕು ದೋಣಿಗಳಲ್ಲಿ ಕೆಲಸಕ್ಕಿದ್ದ. ಒಂದು ಮಾರ್ಚಿನಲ್ಲಿ, ಹಿಮ ಇನ್ನೂ ಕರಗಿರದ ಕಾಲದಲ್ಲಿ, ದೋಣಿಯಂಚಿನಿಂದ ಜಾರಿ ನೀರಿಗೆ ಬಿದ್ದ. ಹೆಣ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಎಷ್ಟೋ ಮೈಲಿ ಕೆಳಗೆ. ಅವರಿಗೆ ಮಕ್ಕಳಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲೇ ವರ್ನಾ ತಂಡದ ಕಚೇರಿಗೆ ಹೋಗಿ, "ನನ್ನ ಮನೇಲಿ ಎರಡು ಹಾಸಿಗೆ ಖಾಲಿ ಇದೆ, ಜಾಸ್ತಿ ತಿನ್ನೋರನ್ನೇ ಕಳ್ಸಿ," ಎಂದು ಹೇಳಿ ಬಂದಳು.

ಹಾಗೆ ಬಂದವರಲ್ಲಿ ಮುಕ್ಕಾಲುಪಾಲು ಹುಡುಗರು ಎಲ್ಲಿಗೂ ಮುಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಚೀಲ ಹೊತ್ತು ಊರಿಗೆ ಹೋದವರು ಅಪ್ಪನ ಜೊತೆ ಹೊಲಕ್ಕೋ ಕಾರ್ಖಾನೆಗೋ ಸೇರಿಕೊಂಡರು. ವರ್ನಾ ಯಾರನ್ನೂ ಹಚ್ಚಿಕೊಂಡಂತೆ ತೋರಿಸಿಕೊಳ್ಳುತ್ತಿರಲಿಲ್ಲ. "ಬರ್ತಾರೆ, ತಿಂತಾರೆ, ಹೋಗ್ತಾರೆ. ಹಕ್ಕಿಗಳಿದ್ದ ಹಾಗೆ," ಎನ್ನುತ್ತಿದ್ದಳು. ಅವಳು ಹಚ್ಚಿಕೊಂಡದ್ದು ಎಲ್ಪಿಡಿಯೊನನ್ನು.

ಅವನು ಡೊಮಿನಿಕನ್ ಗಣರಾಜ್ಯದವನು, ಕಬ್ಬಿನ ಗಾಣದ ಊರಿನವನು. ಕಪ್ಪಗೆ, ಸಣ್ಣಗೆ, ತೋಳು ಮಾತ್ರ ಮಂಡಿಗೆ ಮುಟ್ಟುವಷ್ಟು ಉದ್ದ. ಚೆಂಡು ಎಸೆಯುವವನು. ನಮ್ಮ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಅವನ ಹೆಸರು ನಮ್ಮೂರವರ ನಾಲಿಗೆಗೆ ಹೊರಳದೆ ಎಲ್ಲರೂ ಎಲ್ಪಿ ಅಂದರು. ಅವನು ವರ್ನಾಳನ್ನು "ದೋನ್ಯಾ" ಎಂದು ಕರೆದ. ಅವರ ಕಡೆ ಅದು ಅಮ್ಮಾವ್ರೇ ಅಂದ ಹಾಗಂತೆ. "ಅದೇನೋ ತಿಂಡಿ ಹೆಸರು ಕೂಗಿದ ಹಾಗೆ ಕೂಗ್ತಾನಲ್ಲೇ," ಎಂದು ಅವಳು ನನ್ನ ಹತ್ತಿರ ನಕ್ಕಳು. ಆದರೆ ಬೇರೆ ಯಾರಾದರೂ ತಮಾಷೆಗೆ ಹಾಗೆ ಕರೆದರೆ ಓಗೊಡುತ್ತಿರಲಿಲ್ಲ.

ಬಂದ ಮೂರನೇ ವಾರವೇ ಒಂದು ಬೆಳಿಗ್ಗೆ ಅವನು ಚೀಲ ಕಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ. ಊರು ನೆನಪಾಗಿ ರಾತ್ರಿಯೆಲ್ಲ ಅತ್ತಿದ್ದನಂತೆ. ವರ್ನಾ ಕಾರು ತೆಗೆದು ಅವನ ಪಕ್ಕಕ್ಕೇ ಅವನು ನಡೆಯುವಷ್ಟು ನಿಧಾನ ಓಡಿಸಿಕೊಂಡು ಹೋದಳು. ಬೇಡ ಅನ್ನಲಿಲ್ಲ, ಬೈಯಲಿಲ್ಲ. ಕಿಟಕಿ ಇಳಿಸಿ, ಕೈ ಬಾಯಿಗೆ ಒಯ್ದು ತೋರಿಸಿ, "ಊಟ. ಊಟ ಮಾಡ್ಕೊಂಡು ಹೋಗು," ಅಂದಳು. ನಿಲ್ದಾಣ ಇನ್ನೇನು ಬಂತು ಅನ್ನುವಾಗ ಅವನು ಕಾರು ಹತ್ತಿದ. ಊಟ ಮಾಡಿದ ಮೇಲೆ ಹೋಗಲಿಲ್ಲ.

ಅವನಿಗೆ ತಾಯಿ ಇರಲಿಲ್ಲ. ಅದು ಗೊತ್ತಾಗಿದ್ದು ಆಮೇಲೆ, ಆಲೂಗಡ್ಡೆ ಸುಲಿಯುತ್ತ ಅವಳ ಅಡಿಗೆಮನೆಯಲ್ಲಿ ಅವನು ಮಾತು ಕಲಿತ ಮೇಲೆ. ಅವಳು ಸೌಟು ಎತ್ತಿ ಹೆಸರು ಹೇಳುವಳು, ಅವನು ಹೇಳುವನು. ತಿಂಗಳೆರಡರಲ್ಲಿ ಅಡಿಗೆಮನೆಯಲ್ಲಿರುವುದಕ್ಕೆಲ್ಲ ಅವನಿಗೆ ಹೆಸರು ಗೊತ್ತಿತ್ತು, ಅಂಗಡಿಯಲ್ಲಿ ಒಂದು ಷರಟು ಕೇಳಲು ಗೊತ್ತಿರಲಿಲ್ಲ. ಭಾನುವಾರ ಅವನೇ ಅನ್ನ, ಕೆಂಪು ಹುರುಳಿಕಾಯಿ ಕಾಳಿನ ಸಾರು ಮಾಡುತ್ತಿದ್ದ. ಬೆಳ್ಳುಳ್ಳಿ ಮುಟ್ಟದ ವರ್ನಾ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದಳು.

ಎರಡು ಬೇಸಿಗೆ ಅವನು ಅವಳ ಮನೆಯಲ್ಲಿದ್ದ. ಆಮೇಲೆ ಮೇಲಿನ ತಂಡಕ್ಕೆ ಹೋದ. ಭಾನುವಾರ ಸಂಜೆ ಫೋನು ಬರುತ್ತಿತ್ತು. ನಾನು ಅಲ್ಲೇ ಇದ್ದರೆ ಅವಳ ಕಡೆಯ ಮಾತು ಕೇಳುತ್ತಿದ್ದೆ: "ತಿಂದ್ಯಾ? ಏನು ತಿಂದೆ? ಅದು ಊಟನಾ? ಸರಿ, ಕೈ ಹೇಗಿದೆ?" ಅಷ್ಟೆ. ಇಟ್ಟ ಮೇಲೆ ಅರ್ಧ ತಾಸು ಅವಳ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಬರಬರುತ್ತ ಫೋನು ತಿಂಗಳಿಗೊಂದಾಯಿತು, ಆಮೇಲೆ ಕ್ರಿಸ್‌ಮಸ್ಸಿಗೊಂದು. ಅವಳು ಅದನ್ನು ಎತ್ತಿ ಆಡಲಿಲ್ಲ.

ಐದನೆಯ ವರ್ಷ ಆಗಸ್ಟಿನಲ್ಲಿ ಅವಳು ನನ್ನ ಮನೆಗೆ ನಡೆದುಕೊಂಡೇ ಬಂದಳು, ಏಪ್ರನ್ನೂ ಬಿಚ್ಚದೆ.

"ಆರ್ಡಿಸ್, ಎಲ್ಪಿ ಚಿಕಾಗೋದಲ್ಲಿದಾನೆ ಕಣೆ. ದೊಡ್ಡ ತಂಡ. ಟೀವಿಲಿ ಬರೋ ತಂಡ."

"ಯಾರು ಹೇಳಿದ್ರು?"

"ಅವನೇ. ಈಗ ಫೋನ್ ಮಾಡಿದ್ದ. ಈ ಶನಿವಾರ ಭಾನುವಾರ ಎರಡು ದಿನಾನೂ ಬಾ ಅಂದ. ಗೇಟಿನ ಹತ್ರ ನಮ್ಮ ಹೆಸರಲ್ಲಿ ಟಿಕೆಟ್ ಇಟ್ಟಿರ್ತಾನಂತೆ. ಬರ್ತೀಯಲ್ಲ?"

"ನಿನ್ನ ಕಾರು ಚಿಕಾಗೋ ಮುಟ್ಟತ್ತಾ?"

"ನನ್ನದು ಮುಟ್ಟಲ್ಲ. ಅದಕ್ಕೇ ನಿನ್ನ ಕರೀತಾ ಇರೋದು. ಇಲ್ದಿದ್ರೆ ನೀನ್ಯಾಕೆ?"

ಶನಿವಾರ ಬೆಳಿಗ್ಗೆ ಹೊರಟೆವು. ಅವಳು ನೀಲಿ ಬಣ್ಣದ ಹೊಸ ಉಡುಪು ಹಾಕಿದ್ದಳು, ತೊಡೆಯ ಮೇಲೆ ಪೀಚ್ ಹಣ್ಣು ತುಂಬಿ ಬೇಯಿಸಿದ ಪೈ. ಕಾರಿನ ಹಿಂದೆ ಇಡು ಅಂದರೆ ಕೇಳಲಿಲ್ಲ. ದಾರಿಯ ಎರಡೂ ಕಡೆ ಜೋಳ ಆಳುದ್ದ ನಿಂತಿತ್ತು. ನಾನು ನಿಧಾನ ಓಡಿಸುವವಳು. "ಹೆಣದ ಮೆರವಣಿಗೇಲೂ ಇದಕ್ಕಿಂತ ಬೇಗ ಹೋಗ್ತಾರೆ ಕಣೆ," ಎಂದು ರೇಗಿಸಿದಳು. ಅವಳು ಅಷ್ಟು ಮಾತಾಡಿದ್ದನ್ನು ಮರ್ಲ್ ಹೋದ ಮೇಲೆ ನಾನು ಕೇಳಿರಲಿಲ್ಲ. ಅವನು ಮದುವೆಯಾಗುವುದಾದರೆ ಎಂಥ ಹುಡುಗಿ ಬೇಕು, ಅವನ ಮಕ್ಕಳು ಬೇಸಿಗೆಯಲ್ಲಿ ಬಂದರೆ ಮಹಡಿಯಲ್ಲಿ ಎಲ್ಲಿ ಮಲಗಿಸುವುದು, ಎಲ್ಲ ತೀರ್ಮಾನ ಮಾಡಿದಳು.

ಶನಿವಾರ ಅವನು ಆಡಲಿಲ್ಲ. ಅವನು ಕೊನೆಯ ಒಂದೆರಡು ಸರದಿಯಲ್ಲಿ, ಕಷ್ಟ ಬಂದಾಗ, ಎಸೆಯಲು ಬರುವವನು. ಅವತ್ತು ತಂಡಕ್ಕೆ ಕಷ್ಟ ಬರಲಿಲ್ಲ. ಆಟ ಮುಗಿದ ಮೇಲೆ ಆಟಗಾರರು ಹೊರಬರುವ ಗೇಟಿನ ಹತ್ತಿರ ನಿಂತೆವು. ಅವನು ಬಂದು ಅವಳನ್ನು ತಬ್ಬಿ ಹಿಡಿದ, ಎಷ್ಟು ಹೊತ್ತಾದರೂ ಬಿಡಲಿಲ್ಲ. ಆಳು ಬಲಿತಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು.

"ತಿಂತಿಲ್ವೇನೋ ನೀನು?" ಅಂದಳು ವರ್ನಾ.

"ತಿಂತೀನಿ ದೋನ್ಯಾ. ನಾಳೆ ಬರ್ತೀರಲ್ಲ?"

"ಬರದೆ? ಈ ಆರ್ಡಿಸ್ ಓಡ್ಸೋ ಕಾರಲ್ಲಿ ಜೀವ ಕೈಲಿ ಹಿಡ್ಕೊಂಡು ಬಂದಿದೀನಿ."

"ನಾಳೆ ಖಂಡಿತ ಬನ್ನಿ," ಎಂದ ಅವನು, ನಗದೆ. ಪೈ ತೆಗೆದುಕೊಂಡು ಹೋದ. ತಂಡದವರ ಸಭೆಯಿದೆ, ಊಟಕ್ಕೆ ಬರಲಾಗುವುದಿಲ್ಲ ಎಂದ. ನಾವಿಬ್ಬರೇ ಮೋಟೆಲ್ಲಿನ ಪಕ್ಕದಲ್ಲಿ ಏನೋ ತಿಂದು ಮಲಗಿದೆವು.

ಭಾನುವಾರ ಬಿಸಿಲು ಚುರುಗುಡುತ್ತಿತ್ತು. ಕೂತ ಹಲಗೆಯೇ ಸುಡುತ್ತಿತ್ತು. ಒಂಬತ್ತರಲ್ಲಿ ಎಂಟನೆಯ ಸರದಿ ಬಂದಾಗ ಚಿಕಾಗೋ ಒಂದೇ ಒಂದು ರನ್ ಮುಂದಿತ್ತು. ಆಗ ದೂರದ ಬೇಲಿಯ ಬಾಗಿಲು ತೆರೆದು ಎಲ್ಪಿ ಹುಲ್ಲಿನ ಮೇಲೆ ಒಬ್ಬನೇ ನಡೆದು ಬಂದ. ಧ್ವನಿವರ್ಧಕದಲ್ಲಿ ಅವನ ಪೂರ್ತಿ ಹೆಸರು, ಅಪ್ಪನ ಹೆಸರು ಸೇರಿಸಿ, ಕೂಗಿದರು. ವರ್ನಾ ಎದ್ದು ನಿಂತಳು. ಎರಡೂ ಕೈ ಎದೆಯ ಮೇಲೆ. ಅವನು ಮಧ್ಯದ ದಿಬ್ಬ ಹತ್ತಿ ನಮ್ಮ ಕಡೆ ತಿರುಗಿ ನೋಡಿದ. ನೋಡಿದ್ದು ನಿಜ. ನಾನೂ ಕಂಡೆ.

ಮೊದಲನೆಯವನಿಗೆ ಎಸೆದ ನಾಲ್ಕೂ ಚೆಂಡು ಅಳತೆ ತಪ್ಪಿ ಹೊರಗೆ ಹೋದವು. ಹಾಗಾದರೆ ಬ್ಯಾಟು ಹಿಡಿದವನು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ. ಎರಡನೆಯವನಿಗೂ ಅದೇ ಆಯಿತು. ಜನ ಗುಜುಗುಜು ಶುರುಮಾಡಿದರು. ತರಬೇತುದಾರ ಬಂದು ಏನೋ ಕೇಳಿದ, ಎಲ್ಪಿ ತಲೆಯಾಡಿಸಿದ, ಕೇಳಿದವನು ವಾಪಸು ಹೋದ. ವರ್ನಾ ನಿಂತೇ ಇದ್ದಳು. ಹಿಂದಿನವರು ಕೂತ್ಕೊಳ್ಳಮ್ಮ ಅಂದರೂ ಕೇಳಿಸಲಿಲ್ಲ. ಮೂರನೆಯವನಿಗೆ ಎಸೆದ ಚೆಂಡು ಮೆತ್ತಗೆ, ಉಂಡೆ ಕೊಟ್ಟ ಹಾಗೆ, ನಡುಮಧ್ಯಕ್ಕೆ ಹೋಯಿತು. ಬ್ಯಾಟಿನ ಸದ್ದು ಕೇಳಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು. ಚೆಂಡು ಬೇಲಿ ದಾಟಿ ಜನರ ಮಧ್ಯೆ ಬಿತ್ತು. ಬೇಸ್‌ಗಳಲ್ಲಿ ನಿಂತಿದ್ದ ಇಬ್ಬರೂ ಸೇರಿ ಮೂರು ರನ್. ಗೆದ್ದ ಆಟ ಕೈಬಿಟ್ಟಿತು.

ಇಡೀ ಕ್ರೀಡಾಂಗಣ ಅವನನ್ನು ಕೂಗಿ ಹಳಿಯಿತು. ನಮ್ಮ ಹಿಂದೆ ಒಬ್ಬ, ಕೈಯಲ್ಲಿ ಬಿಯರು ಹಿಡಿದವನು, ಅವನ ಬಣ್ಣ ಹಿಡಿದು, ದೇಶ ಹಿಡಿದು, ಕಬ್ಬು ಕಡಿಯೋಕೆ ವಾಪಸ್ ಹೋಗು ಎಂದು ಕಿರುಚಿದ. ವರ್ನಾ ತಿರುಗಿದಳು.

"ನಿನ್ನ ತಾಯಿ ಇಲ್ಲಿ ಕೂತಿದ್ರೆ ಹೀಗೇ ಮಾತಾಡ್ತಿದ್ಯಾ?"

"ಯಾಕಜ್ಜಿ, ಅವನ ತಾಯಿ ನೀನಾ?" ಎಂದು ಅವನು ಅಕ್ಕಪಕ್ಕದವರ ಮುಖ ನೋಡಿ ನಕ್ಕ.

"ಹೌದು," ಅಂದಳು ವರ್ನಾ.

ಅವನು ಬಿಯರು ಕೆಳಗಿಟ್ಟು ಕೂತ. ಅಷ್ಟರಲ್ಲಿ ಎಲ್ಪಿಯನ್ನು ಆಟದಿಂದ ಹೊರಗೆ ಕರೆದಿದ್ದರು. ಅವನು ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಕಾಣದಾದ.

ಗೇಟಿನ ಹತ್ತಿರ ಬಹಳ ಹೊತ್ತು ಕಾದೆವು. ಇವತ್ತು ಬೇಡ, ಮುಂದಿನ ವಾರ ಫೋನ್ ಮಾಡು ಎಂದು ನಾನು ಹೇಳಿದೆ. "ಇವತ್ತೇ ಅಲ್ವೇನೆ ಇರಬೇಕಾದ್ದು," ಅಂದಳು. ಕೊನೆಗೆ ಅವನು ಇನ್ನಿಬ್ಬರ ಜೊತೆ ಬಂದ. ಅವಳನ್ನು ಕಂಡು ನಿಂತ. ಅವಳು ಎರಡು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದಳು. ಅವನು ಹಿಂದಕ್ಕೆ ಸರಿದ.

"ನೀವು ಬರಬಾರದಿತ್ತು ದೋನ್ಯಾ."

ವರ್ನಾಳ ಕೈ ಚಾಚಿದಲ್ಲೇ ಇತ್ತು.

"ನಿಮ್ಮನ್ನ ನೋಡಿದೆ. ನಿಂತಿದ್ರಿ. ಕೈ ನಡುಗಿಹೋಯ್ತು. ನೀವು ಬರ್ದೇ ಇದ್ದಿದ್ರೆ ಹೀಗಾಗ್ತಿರಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಏಯ್, ನೀನೇ ಅಲ್ವೇನೋ ಕರೆದಿದ್ದು," ಅಂದೆ. ವರ್ನಾ ನನ್ನ ತೋಳು ಹಿಡಿದು ತಡೆದಳು. "ಆಯ್ತು ಮಗಾ," ಅಂದಳು ಅವನಿಗೆ. "ಹೋಗಿ ಊಟ ಮಾಡು." ಅವನು ಕಾರು ಹತ್ತಿ ಬಾಗಿಲು ಹಾಕಿಕೊಂಡ. ಕಾರು ಮರೆಯಾಗುವ ತನಕ ಅವಳು ಅಲ್ಲೇ ನಿಂತಿದ್ದಳು.

ವಾಪಸು ಬರುತ್ತ ನದಿ ಹತ್ತಿರವಾಯಿತು. ಆಗ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು: "ಅವನು ಹೇಳಿದ್ದು ಸರಿ ಕಣೆ. ನಾನು ಎದ್ದು ನಿಲ್ಲಬಾರದಿತ್ತು."

"ಹುಚ್ಚಾ ನಿನಗೆ? ಅವನ ಕೈಗೂ ನೀನು ನಿಲ್ಲೋದಕ್ಕೂ ಏನೇ ಸಂಬಂಧ? ಸೋತ ಸಂಕಟಕ್ಕೆ ಬಾಯಿಗೆ ಬಂದಿದ್ದು ಅಂದ."

"ಮರ್ಲ್ ಹೋದ ದಿನಾನೂ ನಾನು ದಂಡೆ ಮೇಲೆ ನಿಂತಿದ್ದೆ."

ನಾನು ಕಾರು ಪಕ್ಕಕ್ಕೆ ನಿಲ್ಲಿಸಿದೆ. ಇಷ್ಟು ವರ್ಷದಲ್ಲಿ ಅವಳು ಇದನ್ನು ಹೇಳಿರಲಿಲ್ಲ.

"ಊಟದ ಡಬ್ಬಿ ಮರೆತು ಹೋಗಿದ್ದ. ತಗೊಂಡು ಹೋದೆ. ಅಷ್ಟರಲ್ಲಿ ದೋಣಿ ಬಿಟ್ಟಿತ್ತು. ಕೂಗಿದೆ. ತಿರುಗಿ ನೋಡಿದ, ಕೈ ಎತ್ತಿದ, ಜಾರಿದ. ನಾನು ಕೂಗದೇ ಇದ್ದಿದ್ರೆ ಅವನು ತಿರುಗ್ತಿರಲಿಲ್ಲ ಆರ್ಡಿಸ್."

ನನಗೆ ತೋಚಿದ್ದೆಲ್ಲ ಹೇಳಿದೆ. ಹಿಮದ ಮೇಲೆ ಯಾರು ಬೇಕಾದರೂ ಜಾರುತ್ತಾರೆ ಅಂದೆ, ದೇವರ ಇಚ್ಛೆ ಅಂದೆ. ಅವಳು ತಲೆಯಾಡಿಸಿದಳು, ಮಳೆ ನಿಲ್ಲಲಿ ಎಂದು ಕಾಯುವವರ ಹಾಗೆ. ಆಮೇಲೆ, "ಹೊರಡು, ನಾಳೆ ಕೆಲಸ ಇದೆ," ಅಂದಳು.

ಆ ವಾರದಲ್ಲೇ ಎಲ್ಪಿಯನ್ನು ಕೆಳಗಿನ ತಂಡಕ್ಕೆ ಇಳಿಸಿದರೆಂದು ಪತ್ರಿಕೆಯಲ್ಲಿ ಸಣ್ಣಕ್ಷರದಲ್ಲಿ ಬಂತು. ಮುಂದಿನ ವರ್ಷ ಅವನ ಹೆಸರು ಎಲ್ಲೂ ಕಾಣಲಿಲ್ಲ. ಫೋನು ಬರಲಿಲ್ಲ. ಮೇ ತಿಂಗಳಲ್ಲಿ ತಂಡದವರು ಹುಡುಗರನ್ನು ಕಳಿಸುತ್ತೇವೆಂದು ಕೇಳಿದಾಗ ವರ್ನಾ ಮಂಡಿ ನೋವು, ಮಹಡಿ ಹತ್ತಲಾಗುವುದಿಲ್ಲ ಎಂದಳು. ಅವಳ ಮಂಡಿಗೆ ಏನೂ ಆಗಿರಲಿಲ್ಲ. ಆಟ ನೋಡಲು ಹೋಗುವುದನ್ನೂ ಬಿಟ್ಟಳು. ನಮ್ಮ ಮನೆಯಲ್ಲಿ ಟೀವಿಯಲ್ಲಿ ಆಟ ಬರುತ್ತಿದ್ದರೆ ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು. ಶಾಲೆಯ ಪಂದ್ಯಕ್ಕೆ ನನ್ನ ಮೊಮ್ಮಗ ಕರೆದಾಗ ಅವನ ಕೆನ್ನೆ ಸವರಿ, "ನೀನು ಚೆನ್ನಾಗಿ ಆಡು ಮರಿ, ನಾನು ಬರಲ್ಲ," ಅಂದಳು. ಯಾಕೆಂದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು.

ಅಡಿಗೆ ಕೆಲಸದಲ್ಲಿ ಮಾತ್ರ ಮೊದಲಿನ ಹಾಗೇ ಇದ್ದಳು. ಮಕ್ಕಳನ್ನು ಗದರುವುದೂ ಬಿಟ್ಟಿರಲಿಲ್ಲ. ನಿವೃತ್ತಿಯಾದ ಮೇಲೆ ಬೇಗ ಸೋತಳು. ಹೃದಯದ ಕಾಯಿಲೆ. ಆಸ್ಪತ್ರೆಯಲ್ಲಿ ಒಂದು ದಿನ, "ಎಲ್ಪಿ ಎಲ್ಲಿದಾನೋ ವಿಚಾರಿಸ್ಲಾ?" ಅಂತ ಕೇಳಿದೆ. "ಬೇಡ. ಎಲ್ಲೋ ಚೆನ್ನಾಗಿರ್ತಾನೆ. ನಾನು ಹತ್ರ ಹೋಗದಿದ್ರೆ ಸಾಕು," ಅಂದಳು. ಅಳಲಿಲ್ಲ. ಹೊದಿಕೆಯ ಅಂಚು ಮಡಿಸುತ್ತ ಹೇಳಿದಳು. ಜನವರಿಯಲ್ಲಿ ತೀರಿಕೊಂಡಳು. ನೆಲ ಹೆಪ್ಪುಗಟ್ಟಿತ್ತು, ಗುಂಡಿ ತೋಡಲು ಯಂತ್ರ ತರಿಸಬೇಕಾಯಿತು. ಅವಳ ಕೈಯಲ್ಲಿ ಉಂಡ ಮಕ್ಕಳು ಇಗರ್ಜಿಯಲ್ಲಿ ಹಿಡಿಸಲಾರದಷ್ಟು ಬಂದಿದ್ದರು.

ಮೂರು ವರ್ಷದ ಮೇಲೆ, ಜೂನ್ ತಿಂಗಳಲ್ಲಿ, ನನ್ನ ಬಾಗಿಲು ಬಡಿದರು. ದಪ್ಪಗಾಗಿದ್ದ ಒಬ್ಬ ಗಂಡಸು, ತಲೆಯಲ್ಲಿ ನರೆ. ಕೈ ಉದ್ದ ನೋಡಿ ಗುರುತು ಹಿಡಿದೆ. ಅವಳ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಅವರು ನನ್ನ ಮನೆ ತೋರಿಸಿದರಂತೆ. ಅವಳು ಸತ್ತ ಸುದ್ದಿ ಅವನಿಗೆ ಗೊತ್ತಾಗಿದ್ದು ಆ ಬಾಗಿಲಲ್ಲೇ.

ಒಳಗೆ ಕರೆದು ಕೂರಿಸಿದೆ. ಕಾಫಿ ಕೊಟ್ಟೆ. ಫ್ಲೋರಿಡಾದಲ್ಲಿ ಬ್ರೆಡ್ಡಿನ ಲಾರಿ ಓಡಿಸುತ್ತಾನಂತೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ವರ್ನಾ ಎಂದು ಹೆಸರಿಟ್ಟಿದ್ದಾನೆ. ಬಟ್ಟಲು ಕೆಳಗಿಟ್ಟು ಎಡಗೈಯಿಂದ ಬಲ ಮೊಣಕೈ ತೋರಿಸಿದ. ಅಲ್ಲಿ ಉದ್ದಕ್ಕೆ ಹೊಲಿಗೆಯ ಗಾಯ.

"ದೋನ್ಯಾ ಚಿಕಾಗೋಗೆ ಬರೋ ಮುಂಚೇನೇ ಇದರೊಳಗಿನ ಸ್ನಾಯು ಹರಿದುಹೋಗಿತ್ತು. ಎರಡು ವಾರ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ಇನ್ನು ಒಂದೋ ಎರಡೋ ಸಲ ಎಸೀಬಹುದು, ಆಮೇಲೆ ಎಲ್ಲ ಮುಗೀತು ಅಂತ ನನಗೆ ಗೊತ್ತಿತ್ತು. ಅದಕ್ಕೇ ಫೋನ್ ಮಾಡಿದ್ದು. ಆ ದೊಡ್ಡ ತಂಡದ ಬಟ್ಟೆ ಹಾಕಿರೋದು ಅವರು ಒಂದ್ಸಲ ನೋಡ್ಲಿ ಅಂತ."

"ಮತ್ತೆ ಹಾಗ್ಯಾಕಂದೆ?"

"ಗೊತ್ತಿಲ್ಲ. ಎಲ್ಲರೂ ಬೈದ್ರು. ಬೈಯ್ಯದೇ ಇದ್ದಿದ್ದು ಅವರೊಬ್ಬರೇ. ಬೈಯ್ಯದೇ ಇರೋರ ಮೇಲೇ ಹೊರೆ ಹಾಕಿದೆ." ಆಮೇಲೆ ಹೇಳಿದ: "ಎಷ್ಟು ಸಲ ಫೋನ್ ಎತ್ತಿದೀನೋ. ಅವರು ತಿಂದ್ಯಾ ಅಂತ ಕೇಳ್ತಾರೆ, ಆಗ ನಾನೇನು ಹೇಳಲಿ ಅಂತ ಇಟ್ಟುಬಿಡ್ತಿದ್ದೆ. ಆ ಮಾತು ಅವರು ಮರ್ತಿದ್ರಾ ಆರ್ಡಿಸಮ್ಮ?"

ನಿಜ ಹೇಳಿದರೆ ಈ ಮನುಷ್ಯ ಸಾಯುವ ತನಕ ಅದನ್ನು ಹೊತ್ತು ತಿರುಗಬೇಕು. ಸುಳ್ಳು ಹೇಳಲು ಬಾಯಿ ತೆರೆದೆ. ವರ್ನಾ ಇದ್ದಿದ್ದರೆ ಹಾಗೇ ಮಾಡುತ್ತಿದ್ದಳು.

"ಯಾವ ಮಾತು?" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಅವತ್ತು ಗೇಟಿನ ಹತ್ತಿರ ಆ ಮಾತು ಕೇಳಿ ಅವನ ಮೇಲೆ ಹರಿಹಾಯ್ದವಳು ನಾನೇ. ಅವನು ಮತ್ತೆ ಕೇಳಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಸಂಜೆ ಅವನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಮರ್ಲ್‌ನ ಪಕ್ಕದಲ್ಲೇ ಅವಳಿದ್ದಾಳೆ. ಜಾಗ ತೋರಿಸಿ ನಾನು ಕಾರಿಗೆ ವಾಪಸು ಬಂದೆ. ಅವನು ಹುಲ್ಲಿನ ಮೇಲೆ ಮಂಡಿಯೂರಿ, ಕಲ್ಲಿಗೆ ಕೈಯಿಟ್ಟು ಮಾತಾಡತೊಡಗಿದ. ತನ್ನ ಭಾಷೆಯಲ್ಲೇ ಮಾತಾಡಿದ. ವರ್ನಾಗೆ ಆ ಭಾಷೆಯಲ್ಲಿ ಒಂದೇ ಒಂದು ಮಾತು ಗೊತ್ತಿದ್ದದ್ದು, ಅವನು ಅವಳನ್ನು ಕರೆಯುತ್ತಿದ್ದ ಆ ಮಾತು. ಗಾಳಿಗೆ ಅದು ನಡುನಡುವೆ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಕಿಟಕಿಯ ಗಾಜು ಏರಿಸಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಬಿಟ್ಟು ಬಂದೆ. ಉಳಿದುಕೋ, ಒಂದೆರಡು ದಿನ ಇರು ಅಂದೆ. ಮಕ್ಕಳು ಕಾಯುತ್ತಾರೆ ಅಂದ. ಬಸ್ಸು ಹೊರಟಾಗ ಕಿಟಕಿಯಿಂದ ನನ್ನ ಕಡೆ ನೋಡಿದ. ನಾನು ಕೈ ಎತ್ತಿದೆ, ಅವನೂ ಎತ್ತಿದ, ಎಡಗೈ.